ದಿನದ 30 ಮುಹೂರ್ತಗಳಲ್ಲಿ ಒಂದು ನಮಗಾಗಿ: ಬಿಡುವಿಲ್ಲದ ಗೃಹಸ್ಥ ಜೀವನದಲ್ಲಿ ಸಾಮಾಯಿಕ

"ಮಾಡಬೇಕು ಅನ್ನೋ ಆಸೆ ಇದೆ, ಆದರೆ ಸಮಯವೇ ಸಿಗುವುದಿಲ್ಲ." ಸಾಮಾಯಿಕದ ಮಾತು ಬಂದಾಗ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು. ಬೆಳಿಗ್ಗೆ ಮಕ್ಕಳ ಶಾಲೆ, ಆಫೀಸು, ಅಂಗಡಿ, ತೋಟದ ಕೆಲಸ, ಮನೆಯಲ್ಲಿ ಹಿರಿಯರ ಔಷಧಿ. ಸಂಜೆ ಮತ್ತೆ ಅಡುಗೆ, ಲೆಕ್ಕಪತ್ರ, ಫೋನು. ದಿನ ಮುಗಿದಾಗ ದೇಹ ದಣಿದಿರುತ್ತದೆ, ಮನಸ್ಸು ಮಾತ್ರ ಓಡುತ್ತಲೇ ಇರುತ್ತದೆ. ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಆಮೇಲೆ ಆರೋಗ್ಯ ತಪಾಸಣೆಗೆ ಹೋದಾಗ ವೈದ್ಯರು "ಸ್ವಲ್ಪ ನಿಮಗಾಗಿ ಸಮಯ ಇಟ್ಟುಕೊಳ್ಳಿ" ಎನ್ನುತ್ತಾರೆ.

ಹೀಗೆ ಸಮಯ ಇಟ್ಟುಕೊಳ್ಳುವುದನ್ನು ನಮ್ಮ ಆಚಾರ್ಯರು ಶ್ರಾವಕರಿಗೆ ಒಂದು ವ್ರತವನ್ನಾಗಿಯೇ ಹೇಳಿದ್ದಾರೆ. ಅದಕ್ಕೆ ಅಳತೆಯಿದೆ, ವಿಧಿಯಿದೆ, ಮನೆಯಲ್ಲೇ ಮಾಡಲು ಅವಕಾಶವಿದೆ. ಸಾಮಾಯಿಕದ ಸ್ವರೂಪ, ಅದಕ್ಕೆ ಬೇಕಾದ ಸಮಯವನ್ನು ಹೊಂದಿಸಿಕೊಳ್ಳುವ ಬಗೆ, ಅನುಸರಿಸಬೇಕಾದ ಕ್ರಮ ಮತ್ತು ಎಚ್ಚರಿಕೆಗಳನ್ನು ಇಲ್ಲಿ ಕೊಡಲಾಗಿದೆ.

ಸಾಮಾಯಿಕ ಎಂದರೇನು

ರಾಗ ದ್ವೇಷಗಳನ್ನು ಬಿಟ್ಟು, ಲಾಭ-ನಷ್ಟ, ಹೊಗಳಿಕೆ-ತೆಗಳಿಕೆ, ಸುಖ-ದುಃಖಗಳಲ್ಲಿ ಸಮಭಾವ ತಾಳಿ, ನಿಶ್ಚಿತ ಕಾಲದವರೆಗೆ ಐದು ಪಾಪಗಳನ್ನು ಸಂಪೂರ್ಣವಾಗಿ ತ್ಯಜಿಸಿ ಆತ್ಮಚಿಂತನೆಯಲ್ಲಿ ಇರುವುದೇ ಸಾಮಾಯಿಕ.

ಶ್ರಾವಕರ 12 ವ್ರತಗಳು ಹೀಗಿವೆ: 5 ಅಣುವ್ರತ, 3 ಗುಣವ್ರತ, 4 ಶಿಕ್ಷಾವ್ರತ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರದಲ್ಲಿ ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ಯ ಎಂಬುವು ನಾಲ್ಕು ಶಿಕ್ಷಾವ್ರತಗಳು. ಶಿಕ್ಷಾವ್ರತ ಎಂದರೆ ಮುನಿಧರ್ಮದ ಅಭ್ಯಾಸ ಕೊಡುವ ವ್ರತ. ಶ್ರಾವಕರ 11 ಪ್ರತಿಮೆಗಳಲ್ಲಿ ಮೂರನೆಯದು ಸಾಮಾಯಿಕ ಪ್ರತಿಮೆ. ಮುನಿಗಳ ಆರು ಆವಶ್ಯಕಗಳಲ್ಲಿಯೂ ಸಾಮಾಯಿಕವೇ ಮೊದಲನೆಯದು. ಸಾಮಾಯಿಕದಲ್ಲಿರುವ ಗೃಹಸ್ಥನು ಆ ಹೊತ್ತಿನಲ್ಲಿ ಮೇಲೆ ಬಟ್ಟೆ ಬಿದ್ದಿರುವ ಮುನಿಯಂತೆ ಎಂದು ಸಮಂತಭದ್ರರು ಹೋಲಿಸುತ್ತಾರೆ.

48 ನಿಮಿಷದ ಲೆಕ್ಕ

ಒಂದು ಘಳಿಗೆ ಎಂದರೆ 24 ನಿಮಿಷ. ಎರಡು ಘಳಿಗೆ ಸೇರಿದರೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಹಗಲು ರಾತ್ರಿ ಸೇರಿ ಒಂದು ದಿನಕ್ಕೆ 30 ಮುಹೂರ್ತ. ಸಾಮಾಯಿಕದ ಕಾಲವನ್ನು ಮೂರು ಬಗೆಯಾಗಿ ಹೇಳಲಾಗಿದೆ: ಉತ್ತಮ 6 ಘಳಿಗೆ (144 ನಿಮಿಷ), ಮಧ್ಯಮ 4 ಘಳಿಗೆ (96 ನಿಮಿಷ), ಜಘನ್ಯ 2 ಘಳಿಗೆ (48 ನಿಮಿಷ). ನಾವು ಕೇಳುತ್ತಿರುವುದು ಕನಿಷ್ಠ ಅಳತೆಯನ್ನು, 30 ಭಾಗಗಳಲ್ಲಿ ಒಂದು ಭಾಗವನ್ನು ಮಾತ್ರ.

ಈ ಅಳತೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಬಟ್ಟೆಯಲ್ಲಿ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ ಎಂದು ಅಜ್ಜಿಯಂದಿರು ಗಡಿಯಾರ ನೋಡದೆಯೇ ಪಾಲಿಸುತ್ತಿದ್ದರು. ಧ್ಯಾನದ ವಿಷಯದಲ್ಲಿಯೂ ಇದೇ ಅಳತೆ ಬರುತ್ತದೆ. ಉತ್ತಮ ಸಂಹನನ ಉಳ್ಳವನ ಮನಸ್ಸು ಕೂಡ ಒಂದೇ ವಿಷಯದಲ್ಲಿ ಏಕಾಗ್ರವಾಗಿ ನಿಲ್ಲುವುದು ಹೆಚ್ಚೆಂದರೆ ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗೆ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಆದ್ದರಿಂದ ಕುಳಿತಾಗ ಮನಸ್ಸು ಓಡಿತೆಂದು ಯಾರೂ ನಾಚಿಕೆಪಡಬೇಕಾಗಿಲ್ಲ. ಅದನ್ನು ಮತ್ತೆ ಮತ್ತೆ ಕರೆತರುವುದೇ ಅಭ್ಯಾಸ.

ಗಡಿಯಾರ ಇಲ್ಲದ ಕಾಲದಲ್ಲಿ ಶ್ರಾವಕರು ಗಂಟು ಹಾಕಿ ಕೂರುತ್ತಿದ್ದರು. ಕೂದಲಿಗೆ ಅಥವಾ ಬಟ್ಟೆಗೆ ಗಂಟು ಹಾಕಿ, ಇಲ್ಲವೇ ಮುಷ್ಟಿ ಬಿಗಿದು, "ಇದನ್ನು ಬಿಚ್ಚುವವರೆಗೆ ನಾನು ಸಾಮಾಯಿಕದಲ್ಲಿರುತ್ತೇನೆ" ಎಂದು ಕಾಲದ ಮಿತಿ ಮಾಡಿಕೊಳ್ಳುವ ಕ್ರಮವನ್ನು ರತ್ನಕರಂಡದಲ್ಲಿಯೇ ಹೇಳಿದೆ. ಸ್ಥಳದ ವಿಷಯದಲ್ಲಿಯೂ ಆ ಗ್ರಂಥ ಉದಾರವಾಗಿದೆ. ಗದ್ದಲವಿಲ್ಲದ ಏಕಾಂತ ಮುಖ್ಯ; ಅದು ಕಾಡಾಗಬಹುದು, ಚೈತ್ಯಾಲಯವಾಗಬಹುದು, ಮನೆಯೂ ಆಗಬಹುದು. ಊರಿನಲ್ಲಿ ಬಸದಿ ಇಲ್ಲ ಎನ್ನುವುದು ಸಾಮಾಯಿಕಕ್ಕೆ ಅಡ್ಡಿಯಲ್ಲ.

ಸಮಯ ಎಲ್ಲಿಂದ ಬರಬೇಕು

ಶಿಕ್ಷಾವ್ರತಗಳಿಗೆ ಮೊದಲು ಗುಣವ್ರತಗಳನ್ನು ಇಟ್ಟಿರುವುದರಲ್ಲಿ ಅರ್ಥವಿದೆ. ಮೊದಲು ಸೋರಿಕೆ ನಿಲ್ಲಬೇಕು, ಆಮೇಲೆ ಪಾತ್ರೆ ತುಂಬುತ್ತದೆ. ಸಮಯ ಹುಡುಕುವವರಿಗೆ ಮೂರು ವ್ರತಗಳು ನೇರವಾಗಿ ಸಹಾಯ ಮಾಡುತ್ತವೆ.

ಅನರ್ಥದಂಡ ವಿರತಿ: ಪ್ರಯೋಜನವಿಲ್ಲದ ಪಾಪಕಾರ್ಯಗಳನ್ನು ಬಿಡುವುದು. ಇದರಲ್ಲಿ ಐದು ಬಗೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇತರರ ಕೇಡನ್ನು ಚಿಂತಿಸುವುದು ಅಪಧ್ಯಾನ. ಮನಸ್ಸನ್ನು ಕೆಡಿಸುವ ಸಂಗತಿಗಳನ್ನು ಕೇಳುತ್ತಾ ಕೂರುವುದು ದುಃಶ್ರುತಿ. ಇಂದು ಇವೆರಡೂ ನಮ್ಮ ಅಂಗೈಯಲ್ಲೇ ಇವೆ. ಒಂದು ವಾರ ನಿಮ್ಮ ಮೊಬೈಲಿನಲ್ಲಿ ಪರದೆ ನೋಡಿದ ಸಮಯದ ಲೆಕ್ಕ ತೆಗೆದು ನೋಡಿ. ಅದರಲ್ಲಿ ಕೆಲಸಕ್ಕೆ ಬೇಕಾದದ್ದು ಎಷ್ಟು, ಕೈಗೆ ಅಭ್ಯಾಸವಾಗಿ ತೆರೆದದ್ದು ಎಷ್ಟು ಎಂದು ಬೇರ್ಪಡಿಸಿ. ಬಹಳ ಮನೆಗಳಲ್ಲಿ ಒಂದು ಮುಹೂರ್ತ ಅಲ್ಲಿಯೇ ಸಿಗುತ್ತದೆ.

ಭೋಗೋಪಭೋಗ ಪರಿಮಾಣ: ಇಂದು ಇಷ್ಟೇ ಎಂದು ಬಳಕೆಗೆ ಮಿತಿ ಹಾಕುವುದು. "ಇಂದು ಊಟದಲ್ಲಿ ಇಷ್ಟೇ ಪದಾರ್ಥ" ಎಂಬ ಸಣ್ಣ ನಿಯಮವನ್ನು ಮನೆಯವರೆಲ್ಲ ತೆಗೆದುಕೊಂಡರೆ, ನಾಲಿಗೆಗೆ ಸಂಯಮ ಬರುವುದರ ಜೊತೆಗೆ ಅಡುಗೆ ಮಾಡುವವರಿಗೆ ಅರ್ಧ ಗಂಟೆಯೂ ಉಳಿಯುತ್ತದೆ.

ದೇಶಾವಕಾಶಿಕ: ನಿಶ್ಚಿತ ಕಾಲದವರೆಗೆ ಓಡಾಟಕ್ಕೆ ಮಿತಿ. "ಸಂಜೆ 7ರ ನಂತರ ಈ ಬೀದಿ ದಾಟುವುದಿಲ್ಲ" ಎಂದು ವಾರಕ್ಕೆ ಎರಡು ದಿನ ನಿಯಮ ಮಾಡಿಕೊಂಡರೂ ಆ ಸಂಜೆಗಳು ನಮ್ಮವಾಗುತ್ತವೆ.

ಮನೆಯಲ್ಲಿ ಯಾರಿಗೆ ಸಮಯ, ಯಾರಿಗೆ ಇಲ್ಲ

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೆಳಗಿನ ಶಾಂತ ಹೊತ್ತಿನಲ್ಲಿ ಮನೆಯ ಯಜಮಾನರು ಸಾಮಾಯಿಕಕ್ಕೆ ಕೂರುತ್ತಾರೆ. ಅದೇ ಹೊತ್ತಿನಲ್ಲಿ ನೀರು ಸೋಸುವುದು, ತಿಂಡಿ, ಮಕ್ಕಳ ಡಬ್ಬಿ, ಅತ್ತೆ ಮಾವನ ಔಷಧಿ ಎಲ್ಲವೂ ಗೃಹಿಣಿಯ ಮೇಲೆ. ಸಂಜೆ ಸೂರ್ಯಾಸ್ತದೊಳಗೆ ಎಲ್ಲರಿಗೂ ಊಟ ಬಡಿಸುವ ಹೊಣೆಯೂ ಅವರದೇ. ಮನೆಯ ರಾತ್ರಿಭೋಜನ ತ್ಯಾಗ ಅವರ ಓಟದ ಮೇಲೆಯೇ ನಿಂತಿರುತ್ತದೆ. ಧರ್ಮಾಚರಣೆ ಹೆಚ್ಚಾದಷ್ಟೂ ಅವರ ಕೆಲಸ ಹೆಚ್ಚುತ್ತದೆ, ಅವರ ಸ್ವಂತ ಸಾಮಾಯಿಕ ಮಾತ್ರ "ಮಕ್ಕಳು ದೊಡ್ಡವರಾದ ಮೇಲೆ" ಎಂದು ಮುಂದಕ್ಕೆ ಹೋಗುತ್ತದೆ. ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಮಂಡಿ ನೋವು ಬಂದಿರುತ್ತದೆ.

ವ್ರತಗಳು ಶ್ರಾವಕರಿಗೆ ಇರುವಂತೆಯೇ ಶ್ರಾವಿಕೆಯರಿಗೂ ಇವೆ. ಕೃತ, ಕಾರಿತ, ಅನುಮೋದನ, ಅಂದರೆ ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು: ಮೂರರಿಂದಲೂ ಶುಭಾಶುಭ ಕರ್ಮಗಳು ಬರುತ್ತವೆ ಎಂಬುದು ನಮ್ಮ ಸಿದ್ಧಾಂತ. ಹಾಗಾದರೆ ಹೆಂಡತಿ ಸಾಮಾಯಿಕಕ್ಕೆ ಕುಳಿತ 48 ನಿಮಿಷ ಮಗುವನ್ನು ಆಡಿಸಿದ ಗಂಡನಿಗೂ, ತಾಯಿಗೆ ಬಿಡುವು ಕೊಟ್ಟು ಒಲೆಯ ಮುಂದೆ ನಿಂತ ಮಗನಿಗೂ ಅದರಲ್ಲಿ ಪಾಲಿದೆ. ಪ್ರತಿ ಮನೆಯಲ್ಲೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ: ಯಾರು ಯಾವ ಹೊತ್ತಿನಲ್ಲಿ ಕೂರುತ್ತಾರೆ, ಆ ಹೊತ್ತಿನಲ್ಲಿ ಕರೆಗಂಟೆಗೆ, ಫೋನಿಗೆ, ಕುಕ್ಕರಿಗೆ ಓಗೊಡುವವರು ಯಾರು. ಈ ಎರಡನೆಯ ಕಾಲಂ ಖಾಲಿ ಬಿಟ್ಟರೆ ಮೊದಲನೆಯದು ನಡೆಯುವುದಿಲ್ಲ.

ಸಾಮಾಯಿಕದ ಕ್ರಮ

ದಿಗಂಬರ ಪರಂಪರೆಯಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಗುರುಗಳಿಂದ ಬೇರೆ ಕ್ರಮ ಪಡೆದಿರುವವರು ಅದನ್ನೇ ಪಾಲಿಸಬೇಕು.

1. ಸಿದ್ಧತೆ: ಶುದ್ಧ ಬಟ್ಟೆ, ಸ್ವಚ್ಛ ಸ್ಥಳ, ಚಾಪೆ ಅಥವಾ ಆಸನ. ಕೂರುವ ಜಾಗವನ್ನು ಜೀವಜಂತು ಇಲ್ಲದಂತೆ ನೋಡಿ ಮೃದುವಾಗಿ ಒರೆಸುವುದು. ಫೋನು ಬೇರೆ ಕೋಣೆಯಲ್ಲಿರಲಿ.

2. ಪ್ರತಿಜ್ಞೆ: ಪೂರ್ವ ಅಥವಾ ಉತ್ತರ ದಿಕ್ಕಿಗೆ ಮುಖ ಮಾಡಿ ನಿಂತು, ಇಷ್ಟು ಕಾಲ ಎಲ್ಲ ಸಾವದ್ಯ ಕಾರ್ಯಗಳನ್ನು ತ್ಯಜಿಸಿದ್ದೇನೆ ಎಂದು ಸಂಕಲ್ಪಿಸಿ, 9 ಬಾರಿ ಣಮೋಕಾರ ಮಂತ್ರದೊಂದಿಗೆ ಕಾಯೋತ್ಸರ್ಗ ಮಾಡುವುದು.

3. ದಿಗ್ವಂದನೆ: ನಾಲ್ಕೂ ದಿಕ್ಕುಗಳಲ್ಲಿ ಮೂರು ಮೂರು ಆವರ್ತ, ಒಂದೊಂದು ಶಿರೋನತಿ. ಒಟ್ಟು 12 ಆವರ್ತ, 4 ಶಿರೋನತಿ. ಆಯಾ ದಿಕ್ಕಿನ ಪಂಚಪರಮೇಷ್ಠಿಗಳಿಗೆ, ಜಿನಚೈತ್ಯ ಚೈತ್ಯಾಲಯಗಳಿಗೆ ವಂದನೆ.

4. ಆಲೋಚನೆ: ಪದ್ಮಾಸನದಲ್ಲಿ ಅಥವಾ ಸುಖವಾದ ಆಸನದಲ್ಲಿ ಕುಳಿತು, ಹಿಂದಿನ ದಿನ ಮನ ವಚನ ಕಾಯಗಳಿಂದ ಆದ ತಪ್ಪುಗಳನ್ನು ಒಂದೊಂದಾಗಿ ನೆನೆದು ಕ್ಷಮೆ ಕೋರುವುದು.

5. ಪಾಠ ಮತ್ತು ಜಪ: ಸಾಮಾಯಿಕ ಪಾಠ ಓದುವುದು. ಅಮಿತಗತಿ ಆಚಾರ್ಯರ 32 ಶ್ಲೋಕಗಳ ಪಾಠ ಬಹಳ ಕಡೆ ಬಳಕೆಯಲ್ಲಿದೆ. ನಂತರ ಒಂದು ಜಪಮಾಲೆ.

6. ಅನುಪ್ರೇಕ್ಷೆ: ಅನಿತ್ಯ, ಅಶರಣ, ಸಂಸಾರ, ಏಕತ್ವ, ಅನ್ಯತ್ವ, ಅಶುಚಿ, ಆಸ್ರವ, ಸಂವರ, ನಿರ್ಜರಾ, ಲೋಕ, ಬೋಧಿದುರ್ಲಭ, ಧರ್ಮ ಎಂಬ 12 ಭಾವನೆಗಳಲ್ಲಿ ದಿನಕ್ಕೊಂದನ್ನು ಚಿಂತಿಸುವುದು.

7. ಮುಕ್ತಾಯ: ಮತ್ತೆ 9 ಮಂತ್ರಗಳ ಕಾಯೋತ್ಸರ್ಗ.

ಶ್ವೇತಾಂಬರ ಪರಂಪರೆಯಲ್ಲಿಯೂ ಕಾಲ 48 ನಿಮಿಷವೇ. 'ಕರೇಮಿ ಭಂತೇ' ಸೂತ್ರದಿಂದ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ಮುಖವಸ್ತ್ರಿಕೆ ಮುಂತಾದ ಉಪಕರಣಗಳ ಬಳಕೆ ಅವರವರ ಪಂಥಕ್ಕೆ ತಕ್ಕಂತೆ ಇರುತ್ತದೆ.

ಉಸಿರಿನ ಲೆಕ್ಕ

ಒಂದು ಣಮೋಕಾರ ಮಂತ್ರವನ್ನು ಮೂರು ಉಸಿರುಗಳಲ್ಲಿ ಪಠಿಸುವುದು ಕ್ರಮ. 9 ಮಂತ್ರಗಳಿಗೆ 27 ಉಸಿರು. ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಆದ್ದರಿಂದ ಸಣ್ಣ ಕಾಯೋತ್ಸರ್ಗಕ್ಕೆ ಸುಮಾರು ಎರಡು ನಿಮಿಷ ಸಾಕು. 108 ಮಂತ್ರಗಳ ಮಾಲೆಗೆ 324 ಉಸಿರು, ಹೆಚ್ಚು ಕಡಿಮೆ ಒಂದು ಘಳಿಗೆ. ಮಾಲೆಯನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದೇವೆ ಎಂದರೆ ಮಂತ್ರದೊಂದಿಗೆ ಉಸಿರು ಸೇರಿಲ್ಲ ಎಂದು ತಿಳಿಯಬೇಕು.

108ಕ್ಕೂ ಒಂದು ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಮೂರು. ಮನ, ವಚನ, ಕಾಯ ಮೂರು. ಕೃತ, ಕಾರಿತ, ಅನುಮೋದನ ಮೂರು. ಕ್ರೋಧ, ಮಾನ, ಮಾಯೆ, ಲೋಭ ನಾಲ್ಕು. ಇವನ್ನು ಗುಣಿಸಿದರೆ 108. ಪಾಪ ಬರುವ ಒಂದೊಂದು ದಾರಿಗೂ ಒಂದೊಂದು ಮಣಿ.

ಮನಸ್ಸು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಇಂದು ನಾವು ಒತ್ತಡ, ಆತಂಕ ಎನ್ನುವ ಸ್ಥಿತಿಗಳಲ್ಲಿ ಬಹಳಷ್ಟನ್ನು ಶಾಸ್ತ್ರದ ಆರ್ತಧ್ಯಾನದಲ್ಲಿ ಗುರುತಿಸಬಹುದು. ಅದು ನಾಲ್ಕು ಬಗೆ: ಬೇಡವಾದದ್ದು ಬಂದಿತೆಂಬ ಚಿಂತೆ, ಬೇಕಾದದ್ದು ಹೋಯಿತೆಂಬ ಚಿಂತೆ, ರೋಗ ವೇದನೆಯ ಚಿಂತೆ, ಮುಂದೆ ಇಂಥದ್ದೇ ಸಿಗಲಿ ಎಂಬ ನಿದಾನ. ಸಾಮಾಯಿಕದಲ್ಲಿ ಮನಸ್ಸು ಓಡಿದಾಗ ಅದು ಈ ನಾಲ್ಕರಲ್ಲಿ ಯಾವುದರ ಕಡೆಗೆ ಹೋಯಿತು ಎಂದು ಹೆಸರಿಟ್ಟು ನೋಡಿ. ಹೆಸರು ಸಿಕ್ಕ ಕೂಡಲೇ ಅದರ ಹಿಡಿತ ಸ್ವಲ್ಪ ಸಡಿಲವಾಗುತ್ತದೆ.

ಜನರ ಬಗ್ಗೆ ಬರುವ ಕಹಿಗೆ ತತ್ತ್ವಾರ್ಥಸೂತ್ರದ ನಾಲ್ಕು ಭಾವನೆಗಳು ಮದ್ದು: ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ತಿದ್ದಿದರೂ ತಿದ್ದಿಕೊಳ್ಳದವರಲ್ಲಿ ಮಾಧ್ಯಸ್ಥ. ಆ ದಿನ ಭೇಟಿಯಾದ ನಾಲ್ವರನ್ನು ಈ ನಾಲ್ಕರಡಿ ನೆನೆಯಿರಿ. ಕಷ್ಟವಾಗುವುದು ನಾಲ್ಕನೆಯವರ ವಿಷಯದಲ್ಲಿ. ಅಲ್ಲಿಯೇ ಸಮಭಾವದ ಪರೀಕ್ಷೆ.

ಸಾಮಾಯಿಕ ಕೆಡುವ ಐದು ಬಗೆ

ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮನಸ್ಸಿನ ದುಷ್ಪ್ರಣಿಧಾನ, ವಚನದ ದುಷ್ಪ್ರಣಿಧಾನ, ಕಾಯದ ದುಷ್ಪ್ರಣಿಧಾನ, ಅನಾದರ, ಸ್ಮೃತ್ಯನುಪಸ್ಥಾನ. ಮೊದಲ ಮೂರು ಎಂದರೆ ಮನಸ್ಸು ಅಡ್ಡಾಡುವುದು, ಮಾತಾಡುವುದು, ಮೈ ಅಲ್ಲಾಡಿಸುತ್ತಿರುವುದು. ಅನಾದರ ಎಂದರೆ ಉತ್ಸಾಹವಿಲ್ಲದೆ ಮುಗಿದರೆ ಸಾಕು ಎಂದು ಕೂರುವುದು. ಸ್ಮೃತ್ಯನುಪಸ್ಥಾನ ಎಂದರೆ ಪಾಠವನ್ನೋ ಹೊತ್ತನ್ನೋ ಮರೆತುಬಿಡುವುದು. ಕೊನೆಯ ಎರಡಕ್ಕೆ ಮದ್ದು ಒಂದೇ: ದಿನವೂ ಅದೇ ಜಾಗ, ಅದೇ ಹೊತ್ತು. ಚಳಿ, ಸೆಕೆ, ಸೊಳ್ಳೆಗಳ ಕಾಟವನ್ನು ಮೌನದಿಂದ ಸಹಿಸಬೇಕು ಎಂದೂ ಸಮಂತಭದ್ರರು ಹೇಳಿದ್ದಾರೆ. ಸೊಳ್ಳೆಯ ವಿಷಯ ಆಗಲೂ ಇತ್ತು, ಈಗಲೂ ಇದೆ.

ಹಂತಹಂತವಾಗಿ ಆರಂಭಿಸುವುದು

ಮೊದಲ ದಿನವೇ 48 ನಿಮಿಷ ಕೂರಲು ಹೋಗಿ ನಾಲ್ಕನೇ ದಿನ ಬಿಡುವವರು ಹೆಚ್ಚು. ಹೀಗೆ ಮಾಡಬಹುದು:

ಮೊದಲ ವಾರ: ದಿನಕ್ಕೆ ಮೂರು ಹೊತ್ತು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, 9 ಮಂತ್ರಗಳ ಕಾಯೋತ್ಸರ್ಗ. ಆಫೀಸಿನ ಕುರ್ಚಿಯಲ್ಲೂ ಇದು ಸಾಧ್ಯ.

ಎರಡು, ಮೂರನೇ ವಾರ: ಬೆಳಿಗ್ಗೆ ಒಂದು ಮಾಲೆ, ಉಸಿರಿನ ಲೆಕ್ಕದೊಂದಿಗೆ.

ನಾಲ್ಕನೇ ವಾರದಿಂದ: ಅಷ್ಟಮಿ, ಚತುರ್ದಶಿಗಳಂದು ಪೂರ್ಣ 48 ನಿಮಿಷದ ಸಾಮಾಯಿಕ.

ನಂತರ: ಭಾನುವಾರ ಸೇರಿಸಿ, ಬಳಿಕ ದಿನವೂ. ಚಾತುರ್ಮಾಸ ಮತ್ತು ದಶಲಕ್ಷಣ ಪರ್ವದ ಹತ್ತು ದಿನಗಳು ನಿಯಮ ಹಿಡಿಯಲು ಒಳ್ಳೆಯ ಕಾಲ.

48 ನಿಮಿಷಕ್ಕಿಂತ ಕಡಿಮೆಯಾದದ್ದನ್ನು ಜಪ, ಧ್ಯಾನದ ಅಭ್ಯಾಸ ಎನ್ನಬೇಕೇ ಹೊರತು ಸಾಮಾಯಿಕ ವ್ರತ ಎನ್ನಬಾರದು. ಹಾಗೆಂದು ಅದು ವ್ಯರ್ಥವಲ್ಲ.

ಆರೋಗ್ಯದ ದೃಷ್ಟಿಯಿಂದ ಕೆಲವು ಎಚ್ಚರಿಕೆಗಳು

ಸಾಮಾಯಿಕದ ಗುರಿ ಕರ್ಮನಿರ್ಜರೆ ಮತ್ತು ಸಮಭಾವ. ಮನಸ್ಸು ತಣ್ಣಗಾಗುವುದು ಅದರ ಜೊತೆಗೆ ಬರುವ ಫಲ. ಇದನ್ನು ಔಷಧಿಗೆ ಬದಲು ಎಂದು ಭಾವಿಸಿ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಅಥವಾ ಮಾನಸಿಕ ಆರೋಗ್ಯದ ಮಾತ್ರೆಗಳನ್ನು ನಿಲ್ಲಿಸಬಾರದು. ಹಲವು ವಾರ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಇರುವವರು ವೈದ್ಯರನ್ನು ಕಾಣಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಮಂಡಿ, ಸೊಂಟದ ತೊಂದರೆ ಇರುವವರು ಕುರ್ಚಿಯಲ್ಲಿ ಕೂರಲಿ, ಬೆನ್ನು ನೇರವಿರಲಿ. ಅಷ್ಟಮಿ, ಚತುರ್ದಶಿಯ ಉಪವಾಸ ಅಥವಾ ಏಕಾಶನ ಮಾಡುವ ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ವೈದ್ಯರನ್ನು ಕೇಳಿ, ಗುರುಗಳಲ್ಲಿ ಶಕ್ತಿಗೆ ತಕ್ಕ ನಿಯಮ ಪಡೆಯಬೇಕು. ಶಕ್ತಿಗೆ ತಕ್ಕ ತಪಸ್ಸು, ಶಕ್ತಿಗೆ ತಕ್ಕ ತ್ಯಾಗ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಮಾತು.

ದೇಹಕ್ಕೆ ಓಡಾಟವೂ ಬೇಕು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸದಿ ಹತ್ತಿರವಿದ್ದರೆ ಸ್ಕೂಟರ್ ಬಿಟ್ಟು ಚುರುಕಾಗಿ ನಡೆದು ಹೋಗಿ ಬನ್ನಿ. ದಿನಕ್ಕೆ 22 ನಿಮಿಷದಂತೆ ಆ ಲೆಕ್ಕವೂ ತುಂಬುತ್ತದೆ.

ಸಂಜೆಯ ಊಟದ ವಿಷಯ ನೌಕರಿಯಲ್ಲಿರುವವರಿಗೆ ಕಷ್ಟವೇ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯಲ್ಲಿ ಸೂರ್ಯ ಸಂಜೆ 5 ಗಂಟೆ 50 ನಿಮಿಷದ ಆಸುಪಾಸಿನಲ್ಲಿ ಮುಳುಗಿದರೆ, ಜುಲೈ ಆರಂಭದಲ್ಲಿ 6 ಗಂಟೆ 50 ನಿಮಿಷದವರೆಗೂ ಬೆಳಕಿರುತ್ತದೆ. ಬೇಸಿಗೆ, ಮಳೆಗಾಲಗಳಲ್ಲಿ ನಿಯಮ ಆರಂಭಿಸಿದರೆ ಹಿಡಿಯುವುದು ಸುಲಭ. ಬೆಳಿಗ್ಗೆಯೇ ಎರಡನೇ ಡಬ್ಬಿ ಒಯ್ಯುವವರು ಹಲವರಿದ್ದಾರೆ. ಬೇಗ ಊಟ ಮುಗಿದರೆ ರಾತ್ರಿ ಪಾತ್ರೆಯ ಕೆಲಸವೂ ಬೇಗ ಮುಗಿದು ಸಂಜೆಯ ಸಾಮಾಯಿಕಕ್ಕೆ ಹೊತ್ತು ಸಿಗುತ್ತದೆ.

ಒಂದು ಸಾಮಾಯಿಕದ ಬೆಲೆ

ಶ್ವೇತಾಂಬರ ಪರಂಪರೆಯಲ್ಲಿ ಪುಣಿಯಾ ಶ್ರಾವಕನ ಕಥೆ ಪ್ರಸಿದ್ಧ. ಹತ್ತಿಯ ಎಳೆ ಮಾಡಿ ಮಾರಿ ಅಂದಂದಿನ ಊಟ ಕಾಣುತ್ತಿದ್ದ ಬಡ ದಂಪತಿ. ಒಂದು ದಿನ ಒಬ್ಬರು ಉಪವಾಸವಿದ್ದು, ಆ ಊಟವನ್ನು ಸಾಧರ್ಮಿ ಅತಿಥಿಗೆ ಬಡಿಸುತ್ತಿದ್ದರು. ಮರುದಿನ ಇನ್ನೊಬ್ಬರ ಸರದಿ. ನರಕದಿಂದ ತಪ್ಪಿಸಿಕೊಳ್ಳಲು ಪುಣಿಯಾನ ಒಂದು ಸಾಮಾಯಿಕದ ಫಲ ಕೊಂಡರೆ ಆದೀತೆಂದು ತಿಳಿದ ಶ್ರೇಣಿಕ ರಾಜ ಅವನ ಮನೆಗೆ ಬಂದು ಬೆಲೆ ಕೇಳಿದ. ಪುಣಿಯಾನಿಗೆ ಬೆಲೆ ಗೊತ್ತಿರಲಿಲ್ಲ. ಮಹಾವೀರ ಸ್ವಾಮಿಯನ್ನು ಕೇಳಿದಾಗ, ಮಗಧದ ಇಡೀ ಭಂಡಾರ ಅದರ ದಲ್ಲಾಳಿತನಕ್ಕೂ ಸಾಲದು ಎಂಬ ಉತ್ತರ ಬಂತು.

ಸಾಮಾಯಿಕವನ್ನು ಕೊಳ್ಳಲಾಗದು, ಸ್ವತಃ ಕೂತು ಮಾಡಬೇಕು. ಆದರೆ ಆ ದಂಪತಿ ಸರದಿಯ ಮೇಲೆ ಉಪವಾಸವಿದ್ದು ಮನೆ ನಡೆಸಿದ್ದನ್ನೂ ನಾವು ಗಮನಿಸಬೇಕು. ಬಡತನವನ್ನೂ ಧರ್ಮವನ್ನೂ ಅವರು ಸರಿಸಮವಾಗಿ ಹಂಚಿಕೊಂಡಿದ್ದರು.

ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು, 1432ರಲ್ಲಿ ನಿಲ್ಲಿಸಿದ ಕಾರ್ಕಳದ, 1604ರಲ್ಲಿ ನಿಲ್ಲಿಸಿದ ವೇಣೂರಿನ ಬಾಹುಬಲಿಯನ್ನು ನಾವು ಮಕ್ಕಳಿಗೆ ತೋರಿಸುತ್ತೇವೆ. ಅಲ್ಲಿ ನಿಂತಿರುವುದು ಕಾಯೋತ್ಸರ್ಗ, ದೇಹದ ಮಮಕಾರ ಬಿಟ್ಟ ನಿಲುವು. ಮುಂದೊಂದು ದಿನ ನಮ್ಮೆಲ್ಲರಿಗೂ ಕಾಯಿಲೆಯ ಹಾಸಿಗೆ, ಅಗಲಿಕೆ, ಮುಪ್ಪು ಬರುತ್ತವೆ. ಆ ದಿನ ಬೇಕಾಗುವ ಸಮಭಾವವನ್ನು ಆ ದಿನವೇ ಕಲಿಯಲಾಗದು. ಆರೋಗ್ಯವಿರುವಾಗ, ಕೆಲಸದ ನಡುವೆಯೇ, ದಿನಕ್ಕೊಂದು ಮುಹೂರ್ತದಂತೆ ಕೂಡಿಟ್ಟುಕೊಳ್ಳಬೇಕು. ಇಂದು ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಎರಡು ನಿಮಿಷ ಸುಮ್ಮನೆ ನಿಂತು 9 ಮಂತ್ರ ಪಠಿಸಿ, ಆ ಹಾಳೆಯ ಎರಡು ಕಾಲಂಗಳನ್ನು ತುಂಬಿಕೊಂಡರೆ ಆರಂಭವಾದಂತೆಯೇ.